ಐದು ಗುಂಟೆ ಸೊಪ್ಪಿಗೂ ಮಣ್ಣಿನ ಚೀಟಿ ಬೇಕು

ಮೆಂತೆ ಮಡಿ ಹಳದಿಗೆ ತಿರುಗಿತೆಂದರೆ ಗೋಕಾಕ ಸೀಮೆಯ ಹೊಲದಲ್ಲಿ ಮೊದಲು ಕೇಳಿಬರುವ ಮಾತು ಒಂದೇ: ‘ಒಂದ್ ಮುಷ್ಟಿ ಯೂರಿಯಾ ಒಗಿ, ಎಲ್ಲಾ ಸರಿ ಹೋಗ್ತೈತಿ.’ ಯೂರಿಯಾ ಬೀಳುತ್ತದೆ, ಹಿಂದೆಯೇ ನೀರು ಹರಿಯುತ್ತದೆ. ನಾಲ್ಕಾರು ದಿನದಲ್ಲಿ ಎಲೆ ಕಡು ಹಸಿರಾದರೆ ಮಾತು ನಿಜವೆನಿಸುತ್ತದೆ. ಆಗದಿದ್ದರೆ ಇನ್ನೊಂದು ಮುಷ್ಟಿ. ಆ ಹಳದಿ ಏನು ಹೇಳುತ್ತಿತ್ತು ಎಂದು ಕೇಳುವವರು ಕಡಿಮೆ.

ಎಲೆ ಹಳದಿಯಾಗಲು ಹತ್ತು ಕಾರಣಗಳಿವೆ. ಸಾರಜನಕ ಸಾಲದಾದಾಗ ಗಿಡ ಹಳೆಯ ಎಲೆಯಲ್ಲಿದ್ದುದನ್ನು ಹಿಂದಕ್ಕೆ ಪಡೆದು ಚಿಗುರಿಗೆ ಕೊಡುತ್ತದೆ; ಹಾಗಾಗಿ ಬುಡದ ಎಲೆ ಮೊದಲು ಬಣ್ಣಗೆಡುತ್ತದೆ. ಕಬ್ಬಿಣದ ಕತೆಯೇ ಬೇರೆ. ಅದು ಒಮ್ಮೆ ಒಂದು ಎಲೆಗೆ ಸೇರಿದರೆ ಅಲ್ಲಿಂದ ಸುಲಭವಾಗಿ ಕದಲುವುದಿಲ್ಲ. ಕೊರತೆಯಾದಾಗ ತುದಿಯ ಚಿಗುರು ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಗಂಧಕ ಕಡಿಮೆಯಾದರೆ ಚಿಗುರೆಲೆ ಇಡಿಯಾಗಿ ಮಂಕಾಗುತ್ತದೆ. ಮಡಿಯಲ್ಲಿ ನೀರು ನಿಂತು ಬೇರಿಗೆ ಉಸಿರುಕಟ್ಟಿದರೂ ಹಳದಿಯೇ. ಇವುಗಳಲ್ಲಿ ಯೂರಿಯಾ ಮದ್ದಾಗುವುದು ಒಂದಕ್ಕೆ ಮಾತ್ರ. ಇನ್ನು ಮೆಂತೆಯಂತೂ ಬೇಳೆಕಾಳಿನ ಕುಲದ ಗಿಡ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾದ ನೆರವಿನಿಂದ ಗಾಳಿಯ ಸಾರಜನಕವನ್ನು ತಾನೇ ಒಂದಿಷ್ಟು ಹಿಡಿದುಕೊಳ್ಳುತ್ತದೆ. ಯೂರಿಯಾ ಹೆಚ್ಚಾದಷ್ಟೂ ಆ ಗಂಟು ಕಟ್ಟುವುದು ಕಡಿಮೆಯಾಗುತ್ತದೆ. ತಾನೇ ದುಡಿದು ಉಣ್ಣುವ ಗಿಡವನ್ನು ಮುಷ್ಟಿ ಯೂರಿಯಾ ಪರಾವಲಂಬಿ ಮಾಡುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲ್ಲೂಕುಗಳು ಬೆಳಗಾವಿ ಜಿಲ್ಲೆಯ ನೀರಾವರಿ ಸೀಮೆ. ಘಟಪ್ರಭೆಗೆ ಧುಪದಾಳದಲ್ಲಿ ಒಡ್ಡು ಕಟ್ಟಿದ್ದು 1897ರಲ್ಲಿ. ಆಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ನೀರು ಹಿಡಿಯುವ ಜಲಾಶಯ ಬಂತು. ಸಂಕೇಶ್ವರದ ಕಡೆ ಹಿರಣ್ಯಕೇಶಿ, ಗೋಕಾಕದ ಹತ್ತಿರ ಮಾರ್ಕಂಡೇಯ. ಗೋಕಾಕದಿಂದ ಬೇರೆಯಾಗಿ ಮೂಡಲಗಿ ತಾಲ್ಲೂಕಾದದ್ದು ಈಚೆಗೆ. ಮಣ್ಣು, ನೀರು ಮಾತ್ರ ಹಳೆಯವೇ. ಕಾಲುವೆ ಬಂದಲ್ಲಿ ಕಬ್ಬು ಬಂತು, ಗೋವಿನಜೋಳ, ಅರಿಸಿನ ಬಂದವು. ಕಬ್ಬಿನ ಹೊಲದ ಅಂಚಿಗೆ, ಬಾವಿಯ ಪಕ್ಕಕ್ಕೆ, ಮನೆಯ ಹಿತ್ತಲಿಗೆ ತಪ್ಪಲ ಪಲ್ಲೆಯ ಮಡಿಗಳು ಬಂದವು: ಮೆಂತೆ, ಪಾಲಕ, ಕೊತ್ತಂಬರಿ, ಸಬ್ಬಸಗಿ, ರಾಜಗಿರಿ, ಪುಂಡಿ. ಐದು ಗುಂಟೆ, ಹತ್ತು ಗುಂಟೆ. ಬಿತ್ತುವುದರಿಂದ ಹಿಡಿದು ಪೆಂಡಿ ಕಟ್ಟಿ ಸಂತೆಯಲ್ಲಿ ಕೂರುವವರೆಗೆ ಬಹುಪಾಲು ಕೆಲಸ ಹೆಣ್ಣುಮಕ್ಕಳದು. ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ ಬಂದೀತು; ಸೊಪ್ಪಿನ ರೊಕ್ಕ ವಾರವಾರ ಬರುತ್ತದೆ. ಮನೆಯ ಎಣ್ಣೆ, ಉಪ್ಪು, ಮಕ್ಕಳ ಪಟ್ಟಿ ಪುಸ್ತಕ ನಡೆಯುವುದು ಈ ರೊಕ್ಕದಲ್ಲಿ.

ಈ ಸೀಮೆಯ ನೆಲದಲ್ಲಿ ಬಹುಪಾಲು ಎರೆ, ಅಲ್ಲಲ್ಲಿ ಮಸಾರಿ. ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ರಸಸಾರ 8ರ ಆಚೀಚೆ. ಹೆಂಟೆ ಒಡೆದರೆ ಬಿಳಿಯ ಸುಣ್ಣದ ಹರಳು ಕಾಣುವ ಹೊಲಗಳು ಎಷ್ಟೋ. ಇಂಥ ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಆದರೆ ಬೇರಿಗೆ ದಕ್ಕುವ ರೂಪದಲ್ಲಿ ಇರುವುದಿಲ್ಲ. ಸತುವಿನ ಪಾಡೂ ಅದೇ. ಮೇಲಾಗಿ ಕ್ಷಾರದ ಮಣ್ಣಿನ ಮೇಲೆ ಚೆಲ್ಲಿದ ಯೂರಿಯಾದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ. ಕಾಲುವೆ ನೀರನ್ನು ಲೆಕ್ಕವಿಲ್ಲದೆ ಕಟ್ಟಿದ ಕಡೆ ಸವಳು, ಜವಳು ಬೇರೆ. ಅಂದರೆ ಮಡಿ ಹಳದಿಯಾದಾಗ ಕಬ್ಬಿಣದ ಕೊರತೆಯನ್ನು ಮೊದಲು ಶಂಕಿಸಬೇಕಾದ ಸೀಮೆಯಿದು. ಇಲ್ಲಿಯೇ ಯೂರಿಯಾದ ಮುಷ್ಟಿ ಎಲ್ಲಕ್ಕಿಂತ ಮೊದಲು ಏಳುತ್ತದೆ.

ಮುಷ್ಟಿಯ ಲೆಕ್ಕವನ್ನು ಒಮ್ಮೆ ಕೆಜಿಗೆ ಇಳಿಸಿ ನೋಡಬೇಕು. ಎಕರೆಗೆ 40 ಗುಂಟೆ. ಒಂದು ಬೆಳೆಗೆ ಎಕರೆಗೆ 40 ಕೆಜಿ ಸಾರಜನಕ ಬೇಕು ಎಂದಿಟ್ಟುಕೊಂಡರೆ ಗುಂಟೆಗೆ ಒಂದೇ ಕೆಜಿ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಆ ಒಂದು ಕೆಜಿಗೆ ಬೇಕಾದ ಯೂರಿಯಾ 2 ಕೆಜಿ 175 ಗ್ರಾಂ. ಐದು ಗುಂಟೆಗೆ ಹೆಚ್ಚೆಂದರೆ 11 ಕೆಜಿ. ಅಂಗಡಿಯಲ್ಲಿ ಸಿಗುವ ಚೀಲ 45 ಕೆಜಿಯದು. ಬಿಚ್ಚಿದ ಚೀಲ ನೀರು ಕುಡಿದು ಗಟ್ಟಿಯಾಗುತ್ತದೆಂದು ಎರಡು ಮೂರು ಕೊಯ್ಲಿನೊಳಗೆ ಅದನ್ನು ಆ ಐದು ಗುಂಟೆಗೇ ಮುಗಿಸಿದರೆ ಗುಂಟೆಗೆ 4 ಕೆಜಿಗೂ ಹೆಚ್ಚು, ಎಕರೆಯ ಲೆಕ್ಕದಲ್ಲಿ 165 ಕೆಜಿ ಸಾರಜನಕ ಬಿತ್ತು. ಬೇಕಿದ್ದುದರ ನಾಲ್ಕು ಪಟ್ಟು. ಬಿತ್ತುವಾಗ ಅರ್ಧ ಚೀಲ ಡಿಎಪಿ ಹಾಕಿದ್ದರೆ ಅದರೊಳಗಿನ ನಾಲ್ಕೂವರೆ ಕೆಜಿ ಸಾರಜನಕ ಈ ಲೆಕ್ಕಕ್ಕೇ ಸೇರಿಲ್ಲ. ಅದರ ಜತೆ ಬಂದ ಹನ್ನೊಂದೂವರೆ ಕೆಜಿ ರಂಜಕವೂ ಸೇರಿಲ್ಲ. ಹೀಗೆ ವರ್ಷ ವರ್ಷ ಕೂಡಿಬಿದ್ದ ರಂಜಕ ಸತುವನ್ನು ಬೇರಿಗೆ ಸಿಗದಂತೆ ತಡೆಯುತ್ತದೆ. ಒಂದರ ಅತಿ ಇನ್ನೊಂದರ ಕೊರತೆಯಾಗುತ್ತದೆ.

ಹೆಚ್ಚಿನ ಸಾರಜನಕ ಎಲ್ಲಿಗೆ ಹೋಗುತ್ತದೆ? ಒಂದಿಷ್ಟು ಗಾಳಿಗೆ, ಒಂದಿಷ್ಟು ನೀರಿನೊಂದಿಗೆ ಇಳಿದು ಬಾವಿಗೆ, ಉಳಿದದ್ದು ಎಲೆಗೆ.

ಬಾವಿಯ ಮಾತು ಮೊದಲು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಬಾವಿ ನೀರಿನ ನೈಟ್ರೇಟಿನಿಂದ ಎಳೆಗೂಸಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟುವುದನ್ನು 1945ರಲ್ಲಿ ಅಮೆರಿಕದ ಅಯೋವಾದ ವೈದ್ಯರೊಬ್ಬರು ಗುರುತಿಸಿದ ಮೇಲೆ ಜಗತ್ತು ಈ ವಿಷಯದಲ್ಲಿ ಎಚ್ಚರಗೊಂಡಿತು. ತೋಟದ ಬಾವಿಯ ನೀರನ್ನೇ ಕುಡಿಯುವ ತೋಟದ ಮನೆಗಳು ಘಟಪ್ರಭೆಯ ದಂಡೆಯಲ್ಲಿ ಇಂದಿಗೂ ಇವೆ.

ಎಲೆಯ ಮಾತನ್ನು ತುಸು ಜೋಪಾನವಾಗಿ ಆಡಬೇಕು. ಗಿಡ ಬೇರಿನಿಂದ ಹೀರಿದ ನೈಟ್ರೇಟನ್ನು ಬಿಸಿಲಿನ ಶಕ್ತಿಯಿಂದ ಪ್ರೋಟೀನಾಗಿ ಮಾರ್ಪಡಿಸುತ್ತದೆ. ಹೀರುವುದು ಹೆಚ್ಚಾಗಿ ಬಿಸಿಲು ಕಡಿಮೆಯಾದರೆ, ಮಳೆಗಾಲದ ಮೋಡದ ದಿನಗಳಲ್ಲಿ ಆಗುವಂತೆ, ನೈಟ್ರೇಟ್ ಹಾಗೆಯೇ ಉಳಿದುಬಿಡುತ್ತದೆ. ಎಲೆಗಿಂತ ದಂಟಿನಲ್ಲಿ ಹೆಚ್ಚು. ಸೊಪ್ಪಿನ ತರಕಾರಿಗಳೇ ಇದನ್ನು ಎಲ್ಲಕ್ಕಿಂತ ಹೆಚ್ಚು ಕೂಡಿಡುವ ಬೆಳೆಗಳು. ಯುರೋಪಿನ ಒಕ್ಕೂಟ ತಾಜಾ ಸ್ಪಿನಾಚಿಗೆ ಕೆಜಿಗೆ 3,500 ಮಿಲಿಗ್ರಾಂ ನೈಟ್ರೇಟಿನ ಮಿತಿ ಹಾಕಿದೆ. ಇಲ್ಲಿಯ ಪಾಲಕ ಅದೇ ಗಿಡವಲ್ಲ, ಬೀಟ್‌ರೂಟಿನ ಬಳಗದ್ದು. ಆದರೂ ನೈಟ್ರೇಟ್ ಕೂಡಿಡುವ ಗುಣ ಎರಡಕ್ಕೂ ಇದೆ. ಹಾಗೆಂದು ಸೊಪ್ಪು ಬಿಡಬೇಕು ಎಂದು ಯಾರೂ ಓದಿಕೊಳ್ಳಬಾರದು. ಸೊಪ್ಪಿನ ಕಬ್ಬಿಣ, ಫೋಲೇಟ್, ನಾರಿನಿಂದ ಆಗುವ ಒಳಿತು ನೈಟ್ರೇಟಿನ ಅಪಾಯಕ್ಕಿಂತ ದೊಡ್ಡದು ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯೇ 2008ರಲ್ಲಿ ಹೇಳಿದೆ. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಇಷ್ಟಿರುವ ನಾಡಿನಲ್ಲಿ ಪಲ್ಲೆ ಕಡಿಮೆಯಾಗುವುದು ಅನಾಹುತ. ಕಡಿಮೆಯಾಗಬೇಕಾದದ್ದು ಹೊಲದಲ್ಲಿ ಬೀಳುವ ಬೇಡದ ಗೊಬ್ಬರ.

ಬೆಳೆಗಾರನಿಗೆ ಇದರಿಂದ ನೇರವಾಗಿ ತಟ್ಟುವ ನಷ್ಟ ಬೇರೆಯೇ ಇದೆ. ಸಾರಜನಕ ಅತಿಯಾದ ಎಲೆ ಮೆತ್ತಗೆ, ನೀರು ತುಂಬಿ ಬೆಳೆಯುತ್ತದೆ. ಹೇನು ಮೊದಲು ಹತ್ತುವುದು ಅಂಥ ಎಲೆಗೆ. ಹೇನು ಬಂದರೆ ಔಷಧಿ, ಔಷಧಿ ಹೊಡೆದ ಮೂರನೆಯ ದಿನಕ್ಕೆ ಕೊಯ್ಲು. ಬೆಳಗಾವಿಯ ಮಾರುಕಟ್ಟೆಯಿಂದ ತರಕಾರಿ ದಿನಾಲೂ ಗೋವಾಕ್ಕೆ ಹೋಗುತ್ತದೆ. ಘಟ್ಟ ಇಳಿಯುವಷ್ಟರಲ್ಲಿ ಬಾಡಿದ ಪೆಂಡಿಗೆ ಅಲ್ಲಿ ಬೆಲೆ ಇಲ್ಲ. ಹೊಲದಲ್ಲಿ ಕಡು ಹಸಿರಾಗಿ ಕಂಡದ್ದು ಬುಟ್ಟಿಯಲ್ಲಿ ಬಾಳಿಕೆ ಬರಲಿಲ್ಲ.

ಇದಕ್ಕೆಲ್ಲ ರೈತನನ್ನೇ ದೂರುವುದು ಅನ್ಯಾಯ. ಯೂರಿಯಾದ ಕಡೆಗೆ ಅವನ ಕೈ ಎಳೆದದ್ದು ಬೆಲೆ. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪೋಷಕಾಂಶ ಆಧರಿತ ಸಹಾಯಧನ ಪದ್ಧತಿ ತಂದಾಗ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆಯನ್ನು ಸಡಿಲ ಬಿಟ್ಟಿತು, ಯೂರಿಯಾ ಬೆಲೆಯನ್ನು ಮಾತ್ರ ತನ್ನ ಹಿಡಿತದಲ್ಲೇ ಇಟ್ಟುಕೊಂಡಿತು. ಇಂದು 45 ಕೆಜಿಯ ಯೂರಿಯಾ ಚೀಲ 266 ರೂಪಾಯಿ 50 ಪೈಸೆ. 50 ಕೆಜಿಯ ಡಿಎಪಿ 1,350 ರೂಪಾಯಿ. ಕೈಗೆಟಕುವುದು ಯಾವುದೆಂದು ಹೇಳಬೇಕಿಲ್ಲ. ಸಾರಜನಕ, ರಂಜಕ, ಪೊಟ್ಯಾಷ್ 4:2:1ರ ಪ್ರಮಾಣದಲ್ಲಿ ಇರಬೇಕೆಂದು ದೇಶದ ಮಟ್ಟದಲ್ಲಿ ಹೇಳುತ್ತ ಬಂದಿದ್ದಾರೆ. 2022-23ರಲ್ಲಿ ದೇಶ ಬಳಸಿದ್ದು 11.8:4.6:1ರಂತೆ. ಆ 4:2:1 ಕೂಡ ದೇಶದ ಸರಾಸರಿಗೆ ಮಾತ್ರ ಸರಿ, ಒಂದು ಹೊಲಕ್ಕಲ್ಲ. ಎರೆ ಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಸಾಕಷ್ಟಿರುತ್ತದೆ. ಅಲ್ಲಿ ದುಬಾರಿ 19:19:19 ಗೊಬ್ಬರ ಸುರಿಯುವುದು ಇದ್ದ ಮನೆಗೇ ಮತ್ತೆ ದವಸ ಹೊತ್ತಂತೆ. ಮಸಾರಿಯಲ್ಲಿ ಹಾಗಲ್ಲ. ಯಾವ ಹೊಲದಲ್ಲಿ ಏನಿದೆ, ಏನಿಲ್ಲ ಎಂದು ಹೇಳಬಲ್ಲದ್ದು ಮಣ್ಣಿನ ಪರೀಕ್ಷೆ ಒಂದೇ.

ಮಣ್ಣಿನ ಪರೀಕ್ಷೆ ಹೊಸದೇನಲ್ಲ. ದೇಶದಲ್ಲಿ ಮೊದಲ 24 ಪ್ರಯೋಗಾಲಯಗಳು ಬಂದದ್ದು 1955-56ರಲ್ಲಿ. ಕರ್ನಾಟಕದಲ್ಲಿ 2009ರಲ್ಲಿ ಶುರುವಾದ ಭೂಚೇತನ ಯೋಜನೆ ಇಕ್ರಿಸ್ಯಾಟ್ ಸಂಸ್ಥೆಯ ಜತೆಗೂಡಿ ರಾಜ್ಯದುದ್ದಕ್ಕೂ ಮಣ್ಣಿನ ಮಾದರಿ ಎತ್ತಿತು. ಸಾರಜನಕ, ರಂಜಕ, ಪೊಟ್ಯಾಷ್ ಎಂಬ ಮೂರರ ಜಪದಲ್ಲಿ ಮರೆತುಹೋಗಿದ್ದ ಗಂಧಕ, ಸತು, ಬೋರಾನ್‌ಗಳ ಕೊರತೆ ಎಷ್ಟು ವ್ಯಾಪಕವೆಂಬುದು ಆಗ ಎದ್ದು ಕಂಡಿತು. ಮಳೆಯಾಶ್ರಿತ ಬೆಳೆಗಳಲ್ಲಿ ಅವನ್ನು ತುಂಬಿಕೊಟ್ಟಲ್ಲೆಲ್ಲ ಇಳುವರಿ ಏರಿತು. 2015ರ ಫೆಬ್ರುವರಿ 19ರಂದು ಕೇಂದ್ರದ ಮಣ್ಣು ಆರೋಗ್ಯ ಚೀಟಿ ಯೋಜನೆ ಬಂತು. ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್: ಹನ್ನೆರಡು ವಿವರಗಳ ಚೀಟಿ ಮನೆಮನೆಗೆ ತಲುಪಿತು.

ಒಳ್ಳೆಯ ಕೆಲಸವೇ. ಆದರೆ ಆ ಚೀಟಿ ಸೊಪ್ಪಿನ ಮಡಿಯನ್ನು ನೋಡಿಯೇ ಇಲ್ಲ.

ಯೋಜನೆಯ ನಿಯಮದಂತೆ ನೀರಾವರಿ ಭೂಮಿಯಲ್ಲಿ ಎರಡೂವರೆ ಹೆಕ್ಟೇರಿನ ಚೌಕಕ್ಕೆ ಒಂದು ಮಾದರಿ, ಮಳೆಯಾಶ್ರಿತದಲ್ಲಿ ಹತ್ತು ಹೆಕ್ಟೇರಿಗೆ ಒಂದು. ಎರಡೂವರೆ ಹೆಕ್ಟೇರ್ ಅಂದರೆ ಆರು ಎಕರೆಗೂ ಮೇಲೆ, ಹತ್ತಿರಹತ್ತಿರ 247 ಗುಂಟೆ. ಅದರಲ್ಲಿ ಮೂರು ನಾಲ್ಕು ಮಂದಿಯ ಹೊಲ ಇರಬಹುದು, ಕಬ್ಬಿರಬಹುದು, ಜೋಳವಿರಬಹುದು. ಸೊಪ್ಪಿನ ಐದು ಗುಂಟೆ ಆ ಚೌಕದ ಯಾವುದೋ ಮೂಲೆ. ವರ್ಷಕ್ಕೆ ಆರೇಳು ಬೆಳೆ ತೆಗೆಯುವ, ತಿಪ್ಪೆಗೆ ಹತ್ತಿರವಿರುವ, ದಿನ ಬಿಟ್ಟು ದಿನ ನೀರು ಕುಡಿಯುವ ಆ ಮೂಲೆಯ ಮಣ್ಣು ಪಕ್ಕದ ಕಬ್ಬಿನ ಮಣ್ಣಿನಂತೆ ಇರಲು ಸಾಧ್ಯವೇ ಇಲ್ಲ. ಚೀಟಿಯ ಶಿಫಾರಸು ಬರುವುದು ಹೆಕ್ಟೇರಿಗೆ ಇಷ್ಟು ಕೆಜಿ ಎಂದು. ಮಡಿಯಲ್ಲಿ ಗೊಬ್ಬರ ಹಾಕುವ ತಾಯಿ ಅಳೆಯುವುದು ಬೊಗಸೆಯಲ್ಲಿ. ಚೀಟಿ ಬರುವುದು ಹೊಲದ ಖಾತೆದಾರನ ಹೆಸರಿಗೆ. ಸೊಪ್ಪು ಬೆಳೆಯುವವಳ ಹೆಸರು ಪಹಣಿಯಲ್ಲಿ ಇರುವುದು ಅಪರೂಪ. ಮೆಂತೆಯ ಆಯುಸ್ಸು ಮೂವತ್ತು ದಿನ; ಪರೀಕ್ಷೆಯ ಫಲಿತಾಂಶ ಅದಕ್ಕೂ ತಡವಾಗಿ ಬಂದರೆ ಅದರಿಂದೇನು ಪ್ರಯೋಜನ?

ಇನ್ನೊಂದು ಕಾರಣಕ್ಕೂ ಹಳೆಯ ಚೀಟಿ ಈ ಸೀಮೆಗೆ ಸಾಲದು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣವನ್ನೇ ಹೊಕ್ಕಳು. ನದಿ ದಂಡೆಯ ಹಳ್ಳಿಗಳ ಹೊಲಗಳು ದಿನಗಟ್ಟಲೆ ನೀರಲ್ಲಿ ಮುಳುಗಿದವು. 2021ರ ಜುಲೈನಲ್ಲಿ ಮತ್ತೆ ನೆರೆ. ನೀರು ಇಳಿದಾಗ ಕೆಲವು ಕಡೆ ಮೇಲ್ಮಣ್ಣು ಕೊಚ್ಚಿಹೋಗಿತ್ತು, ಕೆಲವು ಕಡೆ ಹೂಳು ಕೂತಿತ್ತು. ಸೊಪ್ಪಿನ ಬೇರು ಆಡುವುದೇ ಮೇಲಿನ ಅರ್ಧ ಅಡಿ ಮಣ್ಣಿನಲ್ಲಿ. ಆ ಅರ್ಧ ಅಡಿಯೇ ಬದಲಾದ ಹೊಲಕ್ಕೆ 2017ರ ಚೀಟಿ ಬೇರೆ ಯಾರದೋ ಹೊಲದ ಚೀಟಿಯಿದ್ದಂತೆ.

ಹಾಗಾದರೆ ಐದು ಗುಂಟೆಯ ಮಣ್ಣನ್ನು ಪರೀಕ್ಷೆಗೆ ಒಯ್ಯುವುದು ಹೇಗೆ? ಇಲ್ಲಿ ತಪ್ಪಾದರೆ ಮುಂದಿನದೆಲ್ಲ ತಪ್ಪು, ಆದ್ದರಿಂದ ಸ್ವಲ್ಪ ವಿವರ ಬೇಕು. ಬೆಳೆ ಕಿತ್ತ ಮೇಲೆ, ಮುಂದಿನ ಬಿತ್ತನೆಗೆ ಗೊಬ್ಬರ ಹಾಕುವ ಮೊದಲು ಮಣ್ಣು ತೆಗೆಯಬೇಕು. ಬದುವಿನ ಅಂಚು, ಗಿಡದ ನೆರಳು, ತಿಪ್ಪೆ ಹಾಕಿದ್ದ ಜಾಗ, ನೀರಿನ ಕಾಲುವೆಯ ಬಾಯಿ ಬಿಡಬೇಕು. ಹೊಲದಲ್ಲಿ ಅಡ್ಡಾದಿಡ್ಡಿ ನಡೆಯುತ್ತ ಹತ್ತು ಕಡೆ ಗುರುತು ಮಾಡಿ, ಮೇಲಿನ ಕಸ ಸರಿಸಿ, ಗುದ್ದಲಿಯಿಂದ ಗೇಣುದ್ದಕ್ಕಿಂತ ತುಸು ಕಡಿಮೆ, ಅಂದರೆ 15 ಸೆಂಟಿಮೀಟರ್ ಆಳಕ್ಕೆ ಇಂಗ್ಲಿಷಿನ ‘ವಿ’ ಆಕಾರದ ಗುಂಡಿ ತೋಡಬೇಕು. ಗುಂಡಿಯ ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಬೆರಳು ದಪ್ಪದ ಮಣ್ಣನ್ನು ಕೆರೆದು ಪ್ಲಾಸ್ಟಿಕ್ ಬುಟ್ಟಿಗೆ ಹಾಕಿಕೊಳ್ಳಬೇಕು. ಸತುವಿನ ಲೇಪದ ಬಕೆಟ್ಟು ಬೇಡ, ಮಣ್ಣಿನಲ್ಲಿ ಇಲ್ಲದ ಸತು ಫಲಿತಾಂಶದಲ್ಲಿ ಕಂಡೀತು. ಹತ್ತೂ ಕಡೆಯದನ್ನು ಕೂಡಿಸಿ, ಹರವಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಚೆಲ್ಲುತ್ತ, ಉಳಿದದ್ದನ್ನು ಮತ್ತೆ ಕೂಡಿಸಿ ಪಾಲು ಮಾಡುತ್ತ ಕೊನೆಗೆ ಅರ್ಧ ಕೆಜಿ ಉಳಿಸಬೇಕು. ನೆರಳಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಹಾಕಿ ಹೆಸರು, ಊರು, ಸರ್ವೆ ನಂಬರ್, ಹಿಂದಿನ ಬೆಳೆ, ಮುಂದಿನ ಬೆಳೆ ಬರೆಯಬೇಕು. ಯೂರಿಯಾದ ಖಾಲಿ ಚೀಲದಲ್ಲಿ ಮಣ್ಣು ಒಯ್ಯುವವರಿದ್ದಾರೆ. ಹಾಗೆ ಒಯ್ದರೆ ಪರೀಕ್ಷೆಯಾಗುವುದು ಚೀಲಕ್ಕೆ, ಹೊಲಕ್ಕಲ್ಲ.

ಒಯ್ಯುವುದೆಲ್ಲಿಗೆ? ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಬಹುದು. ಈ ಸೀಮೆಯ ಭಾಗ್ಯವೆಂದರೆ ಜಾಣರ ಮನೆಗಳು ಹತ್ತಿರದಲ್ಲೇ ಇವೆ. ತುಕ್ಕಾನಟ್ಟಿಯಲ್ಲಿ ಬರ್ಡ್ಸ್ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರವಿದೆ. ಅರಭಾವಿಯಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವಿದೆ. ಅಲ್ಲಿಯೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಇದೆ. ಅಷ್ಟು ಹತ್ತಿರದಲ್ಲಿ ಇಷ್ಟು ಜ್ಞಾನವಿದ್ದೂ ಮೆಂತೆ ಮಡಿಯ ಗೊಬ್ಬರ ಇಂದಿಗೂ ಅಂಗಡಿಯವನ ಮಾತಿನ ಮೇಲೆ ನಡೆಯುತ್ತಿದ್ದರೆ ಕೊಂಡಿ ಎಲ್ಲೋ ಕಳಚಿದೆ.

ಫಲಿತಾಂಶ ಕೈಗೆ ಬಂದಾಗ ಅದನ್ನು ಓದುವುದೂ ಕಷ್ಟವಲ್ಲ. ಒಂದು ಕಾಲ್ಪನಿಕ ಚೀಟಿ ನೋಡೋಣ: ರಸಸಾರ 8.3, ಸಾವಯವ ಇಂಗಾಲ ನೂರಕ್ಕೆ 0.42 ಭಾಗ, ಹೆಕ್ಟೇರಿಗೆ ದೊರೆಯುವ ಸಾರಜನಕ 210 ಕೆಜಿ, ರಂಜಕ 70, ಪೊಟ್ಯಾಷ್ 450, ಸತು ಹತ್ತು ಲಕ್ಷಕ್ಕೆ 0.4 ಭಾಗ, ಕಬ್ಬಿಣ 3.2 ಭಾಗ. ಇಂಗಾಲ ಅರ್ಧಕ್ಕಿಂತ ಕೆಳಗಿದ್ದರೆ ಕಡಿಮೆ. ಸಾರಜನಕ 280ಕ್ಕಿಂತ ಕೆಳಗಿದ್ದರೆ ಕಡಿಮೆ. ರಂಜಕ 56 ಮೀರಿದರೆ ಹೆಚ್ಚು, ಪೊಟ್ಯಾಷ್ 336 ಮೀರಿದರೆ ಹೆಚ್ಚು. ಸತುವಿಗೆ ಗಡಿ 0.6, ಕಬ್ಬಿಣಕ್ಕೆ 4.5. ಇಂಥ ಮಣ್ಣಿಗೆ ಸಾರಜನಕವನ್ನು ಶಿಫಾರಸಿಗಿಂತ ಕಾಲುಭಾಗ ಏರಿಸಿ, ರಂಜಕ ಪೊಟ್ಯಾಷ್‌ಗಳನ್ನು ಕಾಲುಭಾಗ ಇಳಿಸುವುದು ರೂಢಿಯ ಸಲಹೆ. ಮೊದಲಿನ ಲೆಕ್ಕದ 40 ಕೆಜಿ 50 ಆಯಿತು. ಐದು ಗುಂಟೆಗೆ ಹದಿಮೂರೂವರೆ ಕೆಜಿ ಯೂರಿಯಾ, ಅದೂ ಮೂರು ಕಂತಿನಲ್ಲಿ, ಪ್ರತಿ ಕೊಯ್ಲಿನ ನಂತರ ನಾಲ್ಕೂವರೆ ಕೆಜಿ. ಸಾರಜನಕ ಕಡಿಮೆಯಿರುವ ಮಣ್ಣಿಗೇ ಚೀಲದ ಮೂರನೆಯ ಒಂದು ಭಾಗವೂ ಬೇಡ! ಯೂರಿಯಾ ಹಾಕಿದ ಕೂಡಲೇ ಕೆದರಿ ತೆಳುವಾಗಿ ನೀರು ಕೊಟ್ಟರೆ ಗಾಳಿಗೆ ಹಾರುವುದೂ ತಪ್ಪುತ್ತದೆ. ಸತುವಿನ ಸಲ್ಫೇಟನ್ನು ರಂಜಕದ ಗೊಬ್ಬರದ ಜತೆ ಕಲಸದೆ ಬೇರೆ ಹಾಕಬೇಕು. ಕಬ್ಬಿಣವನ್ನು ಸುಣ್ಣದ ಮಣ್ಣಿಗೆ ಸುರಿದರೆ ವ್ಯರ್ಥ, ಮಣ್ಣು ಅದನ್ನು ಕಟ್ಟಿಹಾಕುತ್ತದೆ. ಫೆರಸ್ ಸಲ್ಫೇಟನ್ನು ಲೀಟರಿಗೆ 5 ಗ್ರಾಂನಂತೆ ಚಿಟಿಕೆ ಸಿಟ್ರಿಕ್ ಆಮ್ಲದೊಂದಿಗೆ ಎಳೆಯ ಬೆಳೆಯ ಎಲೆಗೆ ಸಿಂಪಡಿಸುವುದೇ ದಾರಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ತರಕಾರಿಗೆಂದೇ ರೂಪಿಸಿದ ಲಘು ಪೋಷಕಾಂಶಗಳ ಮಿಶ್ರಣವೂ ಸಿಗುತ್ತದೆ.

ಆ ಚೀಟಿಯ ನಿಜವಾದ ರೋಗ ಇಂಗಾಲದ 0.42. ಅದು ಏರದೆ ಉಳಿದ ಯಾವುದೂ ನಿಲ್ಲುವುದಿಲ್ಲ. ಅದಕ್ಕೆ ಬೇಕಾದ ಸಾಮಗ್ರಿ ಈ ಮೂರು ತಾಲ್ಲೂಕುಗಳಲ್ಲಿ ಧಾರಾಳವಾಗಿದೆ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ರವದಿಗೆ ಬೆಂಕಿ ಇಡುವುದು ಇನ್ನೂ ನಿಂತಿಲ್ಲ. ಸುಡುತ್ತಿರುವುದು ಇದೇ ಇಂಗಾಲವನ್ನು. ಸಕ್ಕರೆ ಕಾರ್ಖಾನೆಗಳ ಪ್ರೆಸ್‌ಮಡ್ ಕೊಳೆಸಿದರೆ ಒಳ್ಳೆಯ ಗೊಬ್ಬರ. ಎಮ್ಮೆ ಕಟ್ಟಿದ ಮನೆಯಲ್ಲಿ ತಿಪ್ಪೆಯಿದೆ. ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರವೆಂದರೆ ಗುಂಟೆಗೆ 250 ಕೆಜಿ. ಅದರಲ್ಲೇ ಒಂದು ಕೆಜಿಗೂ ಮೇಲೆ ಸಾರಜನಕವಿದೆ, ನಿಧಾನವಾಗಿ ಬಿಡುತ್ತದೆ.

‘ಹಾಗಾದರೆ ರಾಸಾಯನಿಕ ಗೊಬ್ಬರವನ್ನೇ ಬಿಟ್ಟರಾಯಿತಲ್ಲ, ಪರೀಕ್ಷೆ ಯಾಕೆ’ ಎನ್ನುವ ಸಾವಯವ ಕೃಷಿಕರಿದ್ದಾರೆ. ಅವರ ಕಾಳಜಿ ದೊಡ್ಡದು. ಆದರೆ ಸಗಣಿ ಗೊಬ್ಬರ ಅತಿಯಾದರೂ ಎಲೆಯಲ್ಲಿ ನೈಟ್ರೇಟ್ ಕೂಡುತ್ತದೆ, ಹತ್ತಾರು ವರ್ಷ ಸುರಿದ ಹಿತ್ತಲಿನಲ್ಲಿ ರಂಜಕ ಗುಡ್ಡೆಯಾಗುತ್ತದೆ. ಸತುವಿಲ್ಲದ ಹೊಲದ ಮೇವು ತಿಂದ ಎಮ್ಮೆಯ ಸಗಣಿಯಲ್ಲಿ ಸತು ಎಲ್ಲಿಂದ ಬರಬೇಕು? ‘ನಮ್ಮ ಹೊಲ ನಮಗ ಗೊತ್ತಿಲ್ಲೇನು’ ಎನ್ನುವ ಹಿರಿಯರೂ ಇದ್ದಾರೆ. ಮಣ್ಣಿನ ಹದ, ನೀರು ಹಿಡಿಯುವ ಗುಣ, ಯಾವ ಮೂಲೆಯಲ್ಲಿ ಸವಳು ಏಳುತ್ತದೆ ಎಂಬುದು ಅವರಷ್ಟು ಯಾವ ಯಂತ್ರಕ್ಕೂ ತಿಳಿಯದು. ಹತ್ತು ಲಕ್ಷದಲ್ಲಿ ಅರ್ಧ ಭಾಗ ಸತು ಮಾತ್ರ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ.

ಆಗಬೇಕಾದದ್ದು ಇಷ್ಟು. ಸೊಪ್ಪು ಮತ್ತು ತರಕಾರಿ ಮಡಿಗಳನ್ನು ಚೌಕದ ಲೆಕ್ಕದಿಂದ ಬಿಡಿಸಿ, ಅವುಗಳ ಮಾದರಿಯನ್ನು ಬೇರೆಯಾಗಿ ತೆಗೆಯಬೇಕು. ಫಲಿತಾಂಶ ಹತ್ತು ದಿನದೊಳಗೆ ಬರಬೇಕು. ಶಿಫಾರಸು ಗುಂಟೆಯ ಲೆಕ್ಕದಲ್ಲಿ, ಯಾವ ಗೊಬ್ಬರ ಎಷ್ಟು ಕೆಜಿ ಎಷ್ಟು ಕಂತು ಎಂದು ಕನ್ನಡದಲ್ಲಿ ಬರೆದಿರಬೇಕು. ಅಂಗಡಿಗಳಲ್ಲಿ 5 ಕೆಜಿ, 10 ಕೆಜಿಯ ಯೂರಿಯಾ ಪೊಟ್ಟಣ ಸಿಗುವಂತಾಗಬೇಕು. 45 ಕೆಜಿಯ ಚೀಲ ಕೊಡುವವರೆಗೆ ಐದು ಗುಂಟೆಯವಳಿಗೆ ಮಿತವಾಗಿ ಹಾಕು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಚೀಟಿ ಸೊಪ್ಪು ಬೆಳೆಯುವ ಹೆಣ್ಣುಮಗಳ ಕೈಗೇ ಸೇರಬೇಕು, ಪಹಣಿ ಯಾರ ಹೆಸರಲ್ಲಾದರೂ ಇರಲಿ.

ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಹಳ್ಳಿ ಮಟ್ಟದ ಮಣ್ಣು ಪರೀಕ್ಷಾ ಪ್ರಯೋಗಾಲಯವನ್ನು ಗ್ರಾಮದ ಯುವಕರು, ಸ್ವಸಹಾಯ ಸಂಘಗಳು, ರೈತ ಉತ್ಪಾದಕ ಸಂಸ್ಥೆಗಳು ನಡೆಸಲು ಕೇಂದ್ರದ ಯೋಜನೆಯಲ್ಲಿ ಅವಕಾಶವಿದೆ. ಭೋಪಾಲದ ಮಣ್ಣು ವಿಜ್ಞಾನ ಸಂಸ್ಥೆ ರೂಪಿಸಿದ ‘ಮೃದಾಪರೀಕ್ಷಕ’ ಎಂಬ ಪುಟ್ಟ ಪ್ರಯೋಗಾಲಯವನ್ನು ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದು. ತೋಟಗಾರಿಕೆ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಗೆ ಬಂದು ರೈತರ ನಡುವೆ ಇದ್ದು ಕಲಿಯುತ್ತಾರೆ. ಅವರ ಆ ತಿಂಗಳುಗಳಲ್ಲಿ ಮಡಿಮಡಿಯ ಮಣ್ಣು ತೆಗೆಯುವುದನ್ನೇ ಮುಖ್ಯ ಪಾಠ ಮಾಡಬಹುದು. ಇನ್ನು ಸಹಕಾರದ ಮಾತು ಬಂದರೆ ಹುಕ್ಕೇರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ರೈತರೇ ಸದಸ್ಯರಾಗಿ ಹಳ್ಳಿಹಳ್ಳಿಗೆ, ಪಂಪ್‌ಸೆಟ್ಟಿಗೆ ಕರೆಂಟು ಹಂಚುವ ಗ್ರಾಮೀಣ ವಿದ್ಯುತ್ ಸಹಕಾರ ಸಂಘವನ್ನು ಹುಕ್ಕೇರಿ 1969ರಲ್ಲಿ ಕಟ್ಟಿತು. ರಾಜ್ಯದಲ್ಲಿ ಬೇರೆಲ್ಲೂ ಹೀಗೆ ನಡೆಯುತ್ತಿಲ್ಲ. ಕರೆಂಟನ್ನೇ ಸಹಕಾರದಿಂದ ಹಂಚಿದ ತಾಲ್ಲೂಕಿಗೆ ಒಂದು ಮಣ್ಣು ಪರೀಕ್ಷೆಯ ಕೊಠಡಿ ಭಾರವಲ್ಲ. ಪ್ರತಿ ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿ, ಗೊಬ್ಬರದ ಚೀಲ ಮಾರುವ ಅದೇ ಕಟ್ಟೆಯ ಮೇಲೆ, ಮಣ್ಣಿನ ಚೀಲ ತೆಗೆದುಕೊಳ್ಳುವ ಕಿಟಕಿಯೊಂದು ತೆರೆಯಲಿ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಈ ಸಲ ಮೆಂತೆಯೋ ಪಾಲಕವೋ ಕಿತ್ತು ಮಡಿ ಬರಿದಾದ ದಿನ, ಮುಂದಿನ ಬೀಜಕ್ಕೆ ಕೈ ಹಾಕುವ ಮೊದಲು, ಹತ್ತು ಕಡೆಯ ಮಣ್ಣು ಕೂಡಿಸಿ ಅರ್ಧ ಕೆಜಿ ಬಟ್ಟೆಚೀಲದಲ್ಲಿ ಕಟ್ಟಿ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಟ್ಟು ಬನ್ನಿ. ಚೀಲದ ಮೇಲೆ ‘ಸೊಪ್ಪಿನ ಮಡಿ, ಐದು ಗುಂಟೆ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಫಲಿತಾಂಶವನ್ನು ಗುಂಟೆಯ ಲೆಕ್ಕದಲ್ಲಿ ಬರೆದುಕೊಡಿ ಎಂದು ಕೇಳಿ ಪಡೆಯಿರಿ.